ಬರೀ ಕಂಪ್ಯಾನಿಯನ್‌ಶಿಪ್ಪಿಗೆ

ಐವತ್ತಾರು ತುಂಬಿದ ಗಂಡಸು ಒಂದು ಬೆಳಿಗ್ಗೆ ಮೀಸೆಗೆ ಮಾತ್ರ ಬಣ್ಣ ಹಚ್ಚಿಕೊಂಡು ವಾಕಿಂಗಿಗೆ ಬಂದರೆ ಅರ್ಥ ಎರಡೇ. ಒಂದೋ ಬಣ್ಣದ ಪೊಟ್ಟಣ ಸಾಲಲಿಲ್ಲ, ಇಲ್ಲವೇ ತಲೆವರೆಗೆ ಹೋಗುವ ಧೈರ್ಯ ಸಾಲಲಿಲ್ಲ. ನಮ್ಮ ರಾಯರದು ಎರಡನೆಯ ಕೇಸು.

ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ನಮ್ಮದು ಏಳು ಜನರ ಗುಂಪು. ನಡೆಯುವುದು ಮೂರು ರೌಂಡು, ಕೂರುವುದು ಒಂದೂವರೆ ಗಂಟೆ. ರಾಯರು ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡವರು. ಹೆಂಡತಿ ಹೋಗಿ ಆರು ವರ್ಷವಾಯಿತು, ಮಗಳು ಡಲ್ಲಾಸಿನಲ್ಲಿ. ಇಂಥ ರಾಯರು ನಿಮ್ಮ ಪಾರ್ಕಿನಲ್ಲೂ ಇದ್ದಾರೆ. ಜಯನಗರದಲ್ಲಿ ಅವರು ಶೆಟ್ಟರಾಗಿರಬಹುದು, ಮೈಸೂರಿನಲ್ಲಿ ಗೌಡರು. ಗುರುತು ಹಿಡಿಯುವುದು ಕಷ್ಟವಲ್ಲ. ಕಾಲಲ್ಲಿ ಮಗಳು ಕಳಿಸಿದ, ಕತ್ತಲಲ್ಲೂ ಹೊಳೆಯುವ ಶೂ. ಫೋನಿನಲ್ಲಿ ಕ್ಯಾರಿಯೋಕೆ. ಪಿ.ಬಿ. ಶ್ರೀನಿವಾಸರ ಹಾಡನ್ನು ಹಿಡಿದು, ಚರಣಕ್ಕೆ ಬರುವಷ್ಟರಲ್ಲಿ ಉಸಿರಿಗಾಗಿ ಬೆಂಚು ಹುಡುಕುತ್ತಾರೆ. ಮತ್ತು ಮಾತಿನಲ್ಲಿ ಒಂದು ಪದ ಪದೇಪದೇ ನುಸುಳುತ್ತದೆ: ಕಂಪ್ಯಾನಿಯನ್‌ಶಿಪ್.

"ಮದುವೆ ಗಿದುವೆ ಏನಿಲ್ಲಪ್ಪ. ಬರೀ ಕಂಪ್ಯಾನಿಯನ್‌ಶಿಪ್ಪಿಗೆ."

ಮದುವೆ ಎಂಬ ಪದವನ್ನು ಈ ವಯಸ್ಸಿನ ಗಂಡಸು ಬಾಯಿಬಿಟ್ಟು ಹೇಳುವುದಿಲ್ಲ. ಇಪ್ಪತ್ತೆಂಟರಲ್ಲಿ ಅದನ್ನು ಅಪ್ಪ ಅಮ್ಮ ಹೇಳಿದ್ದರು. ಇವನು ಕಾಫಿ ಕುಡಿದು ತಲೆ ಆಡಿಸಿದ್ದ, ಅಷ್ಟೆ. ಈಗ ತಾನೇ ಹೇಳಬೇಕು ಎಂದಾಗ ನಾಲಿಗೆ ಇಂಗ್ಲಿಷಿನ ಹಿಂದೆ ಅಡಗಿಕೊಳ್ಳುತ್ತದೆ. ಅಡುಗೆಗೆ ಅಲ್ಲ ಎಂದು ರಾಯರು ಆಣೆ ಮಾಡುತ್ತಿದ್ದರು. ಅಡುಗೆಯವರಿದ್ದಾರೆ. ಪಾತ್ರೆಗೆ ಕೆಲಸದವರಿದ್ದಾರೆ. "ಮತ್ತೆ ಯಾತಕ್ಕೆ?" ಎಂದು ಕೇಳಿದ್ದಕ್ಕೆ ಒಂದು ದಿನ ಕೊಂಚ ಹೊತ್ತು ಸುಮ್ಮನಿದ್ದು, "ರಾತ್ರಿ ಒಂಬತ್ತು ಗಂಟೆಗೆ 'ಮಾತ್ರೆ ತಗೊಂಡ್ರಾ' ಅಂತ ಫೋನು ಕೇಳತ್ತೆ ಕಣ್ರೀ. ಅಲಾರಂ. ಅದಕ್ಕೆ 'ಹೂಂ' ಅಂತೀನಿ" ಎಂದರು. ಆಮೇಲೆ ನಾವು ತಮಾಷೆಯನ್ನು ಸ್ವಲ್ಪ ಕಮ್ಮಿ ಮಾಡಿದೆವು. ಬಿಡಲಿಲ್ಲ, ಕಮ್ಮಿ ಮಾಡಿದೆವು.

ಮ್ಯಾಟ್ರಿಮೊನಿ ಆಪಿನಲ್ಲಿ ಅವರ ಪ್ರೊಫೈಲ್ ಬರೆದವಳು ಮಗಳೇ. ಮೂವತ್ತು ವರ್ಷದ ಹಿಂದೆ ಅಪ್ಪಂದಿರು ಮಕ್ಕಳ ಜಾತಕ ಹಿಡಿದು ಅಲೆಯುತ್ತಿದ್ದರು. ಈಗ ಮಕ್ಕಳು ಅಪ್ಪನನ್ನು ಹಿಡಿದು ಅಲೆಯುತ್ತಾರೆ. ಆದರೆ ಫೋಟೊ ಮಾತ್ರ ರಾಯರ ಆಯ್ಕೆ, ಹನ್ನೆರಡು ವರ್ಷದ ಹಿಂದಿನದು. ಯಾವುದೋ ಮುಂಜಿಯಲ್ಲಿ ಹೆಂಡತಿಯ ಪಕ್ಕ ನಿಂತು ತೆಗೆಸಿಕೊಂಡದ್ದು. ಹೆಂಡತಿಯ ಭಾಗವನ್ನು ಕತ್ತರಿಸಿ ಹಾಕಿದ್ದರು. ಫೋನಿನಲ್ಲಿ ಕತ್ತರಿಸುವ ಕೈಗೆ ಅಭ್ಯಾಸ ಸಾಲದೆ ಬಲಭುಜದ ಹತ್ತಿರ ಬೆರಳಗಲ ಮೈಸೂರು ಸಿಲ್ಕಿನ ಜರಿಯಂಚು ಉಳಿದುಹೋಗಿತ್ತು. ನಾವು ಆರೂ ಜನ ಆ ಫೋಟೊ ನೋಡಿ "ಭೇಷ್, ಹೀರೊ" ಎಂದಿದ್ದೆವು. ಅಂಚು ಒಬ್ಬರ ಕಣ್ಣಿಗೂ ಬೀಳಲಿಲ್ಲ. ಗಂಡಸರು.

ಮೇಡಂ ಕಣ್ಣಿಗೆ ಬಿದ್ದದ್ದು ಅದೊಂದೇ. ಮೇಡಂ ಎಂದರೆ ಪಿಯು ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಐವತ್ತೊಂದು ವರ್ಷ. ಯಜಮಾನರು ರಾಜ್ಯ ಸರಕಾರದ ಎಂಜಿನಿಯರಾಗಿದ್ದವರು, ತೀರಿಕೊಂಡು ಒಂಬತ್ತು ವರ್ಷ. ಅವರ ಮೊದಲ ಮೆಸೇಜು ಹೀಗಿತ್ತಂತೆ: "ಅಂಚು ಯಾರದು? ಬಹಳ ಒಳ್ಳೆಯ ಆಯ್ಕೆ."

ಮೊದಲ ಭೇಟಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಎಂದು ಗೊತ್ತಾಯಿತು. ರಾಯರು ಪಂಚಾಂಗ ನೋಡಿ, ರಾಹುಕಾಲ ಕಳೆದು, ಶುಕ್ರವಾರ ಸಂಜೆ ಆರಿಸಿದರು. 1943ರಿಂದ ದೋಸೆ ಹಾಕುತ್ತಿರುವ ಆ ಹೋಟೆಲಿಗೆ ಶುಕ್ರವಾರ ರಜಾ ಎಂಬುದು ಪಂಚಾಂಗದಲ್ಲಿ ಇರುವುದಿಲ್ಲ. ಹುಟ್ಟಿದಾಗಿನಿಂದ ಬಸವನಗುಡಿಯಲ್ಲಿರುವ ಮನುಷ್ಯ! ಮುಚ್ಚಿದ ಬಾಗಿಲ ಮುಂದೆ ಇಸ್ತ್ರಿ ಜುಬ್ಬದಲ್ಲಿ ನಿಂತವರನ್ನು ನೋಡಿ ಮೇಡಂ ನಕ್ಕುಬಿಟ್ಟರು. ಅರ್ಧ ಕೆಲಸ ಅಲ್ಲೇ ಮುಗಿಯಿತು ಎಂಬುದು ನನ್ನ ಅಂದಾಜು.

ಶನಿವಾರ ಒಳಗೆ ಜಾಗ ಸಿಕ್ಕಿತು, ಏಕಾಂತ ಸಿಗಲಿಲ್ಲ. ಅಲ್ಲಿ ನಿಮ್ಮ ಟೇಬಲ್ಲು ನಿಮ್ಮದಲ್ಲ. ಎದುರಿಗೆ ಪರಿಚಯವಿಲ್ಲದ ಇಬ್ಬರು ಕೂತಿರುತ್ತಾರೆ, ಬೆನ್ನ ಹಿಂದೆ ನಿಮ್ಮ ಕುರ್ಚಿಯ ಮೇಲೆ ಕಣ್ಣಿಟ್ಟವರು ನಿಂತಿರುತ್ತಾರೆ. ಸಪ್ಲೈಯರು ಅಂಗೈಯಿಂದ ಹೆಗಲವರೆಗೆ ಒಂದರ ಮೇಲೊಂದು ದೋಸೆ ತಟ್ಟೆ ಜೋಡಿಸಿಕೊಂಡು ಬಂದು, ಎರಡು ತಟ್ಟೆ ಇಳಿಸಿ, ಚಟ್ನಿ ಸುರಿದು ಮುಂದೆ ಹೋದ. ಮಧ್ಯೆ ರಾಯರು ಮನಸ್ಸು ಬಿಚ್ಚಬೇಕು. ಧೈರ್ಯ ಮಾಡಿ, "ನಮ್ಮದೊಂಥರಾ 'ಎರಡು ಕನಸು' ಕಥೆ, ಅಲ್ವೇ?" ಎಂದರು. ಕನ್ನಡ ಲೆಕ್ಚರರ ಹತ್ತಿರ ಆಡುವ ಮಾತೇ?

"ಸಿನಿಮಾ 1974ರದ್ದು, ಕಾದಂಬರಿ ವಾಣಿಯವರದು. ಅದರಲ್ಲಿ ನಾಯಕ ಕೊನೆಗೆ ಪ್ರೀತಿಸೋದು ಕಟ್ಟಿಕೊಂಡ ಹೆಂಡತೀನ" ಎಂದರು ಮೇಡಂ, ದೋಸೆಯ ಗರಿ ತುದಿ ಮುರಿಯುತ್ತಾ. "ನೀವು ಹೆಂಡತೀನ ಫೋಟೊದಿಂದ ಕತ್ತರಿಸಿದ್ದೀರಿ. ನಾಳೆ ನನ್ನ ಕತ್ತರಿಸೋಲ್ಲ ಅಂತ ಏನು ಗ್ಯಾರಂಟಿ?"

ಎದುರು ಕೂತ ಅಪರಿಚಿತರು ಕಾಫಿ ಹೀರುವುದನ್ನು ನಿಲ್ಲಿಸಿದ್ದರಂತೆ.

ಆ ರಾತ್ರಿಯೇ ರಾಯರು ಪೂರ್ತಿ ಫೋಟೊ ಹಾಕಿದರು. ಹೆಂಡತಿ, ಸೀರೆ, ಎಲ್ಲ. ಆಪಿನವರು "ಫೋಟೊದಲ್ಲಿ ಒಬ್ಬರೇ ಇರಬೇಕು" ಎಂದು ತಿರಸ್ಕರಿಸಿದರು. ಮೇಡಂ ಒಪ್ಪಿದರು.

ಉಳಿದದ್ದು ಮಕ್ಕಳು. ವಿಡಿಯೊ ಕಾಲಿನಲ್ಲಿ ವರಪರೀಕ್ಷೆ: ಇಲ್ಲಿ ರಾತ್ರಿ ಎಂಟೂವರೆ, ಡಲ್ಲಾಸಿನಲ್ಲಿ ಬೆಳಿಗ್ಗೆ ಹತ್ತು, ಪುಣೆಯಿಂದ ಮೇಡಂ ಮಗ. ಹುಡುಗ ಸುತ್ತಿ ಬಳಸಲಿಲ್ಲ. "ಅಂಕಲ್, ಷುಗರ್ ಎಷ್ಟು?" ರಾಯರು ಇದಕ್ಕಾಗಿಯೇ ಎರಡು ದಿನ ಪಥ್ಯ ಮಾಡಿ, ರಕ್ತ ಕೊಟ್ಟು, ಫಾಸ್ಟಿಂಗ್ ರಿಪೋರ್ಟು ಸಿದ್ಧಮಾಡಿಕೊಂಡಿದ್ದರು. ಹುಡುಗ ಕೇಳಿದ್ದು ಎಚ್‌ಬಿಎಒನ್‌ಸಿ. ಅದು ಎರಡು ದಿನದ ಉಪವಾಸಕ್ಕೆ ಬಗ್ಗುವ ಆಸಾಮಿಯಲ್ಲ, ಹಿಂದಿನ ಮೂರು ತಿಂಗಳ ಮೈಸೂರುಪಾಕಿನ ಲೆಕ್ಕವನ್ನೆಲ್ಲ ಚಾಡಿ ಹೇಳುತ್ತದೆ. ಗುಣಕೂಟಕ್ಕೆ ಮೂವತ್ತಾರರಲ್ಲಿ ಹದಿನೆಂಟು ಬಂದರೆ ಸಾಕಿತ್ತು. ಇದಕ್ಕೆ ಏಳರ ಒಳಗೆ ಬರಬೇಕಂತೆ. ರಾಯರದು 7.4. "ಮೂರು ತಿಂಗಳು ಟೈಮ್ ಕೊಡಪ್ಪ" ಎಂದು, ಸಾಲಗಾರರಿಂದ ಜೀವಮಾನವಿಡೀ ಕೇಳಿದ್ದ ಮಾತನ್ನು ತಾವೇ ಆಡಿದರು.

ಇಷ್ಟಾದ ಮೇಲೆ ನಿಜವಾದ ಅಡ್ಡಿ ಎದ್ದಿತು. ವಿಧವೆಯರ ಮರುಮದುವೆಗೆ ಕಾಯಿದೆ ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ಅದನ್ನೇ ಕಥೆ ಮಾಡಿ ಕನ್ನಡಕ್ಕೆ ಸಾಮಾಜಿಕ ಕಾದಂಬರಿ ಕೊಟ್ಟದ್ದು 1899ರಲ್ಲಿ. ಮಠ, ಊರು, ನೆಂಟರು ಎಲ್ಲರೂ ಒಂದಲ್ಲ ಒಂದು ದಿನ ಸುಮ್ಮನಾದರು. ಸುಮ್ಮನಾಗದೆ ಉಳಿದದ್ದು ಟ್ರೆಷರಿ. ಗಂಡನ ಕುಟುಂಬ ಪಿಂಚಣಿ ವಿಧವೆಗೆ ಸಾಯುವವರೆಗೆ, ಇಲ್ಲವೇ ಮರುಮದುವೆಯಾಗುವವರೆಗೆ. ತಾಳಿ ಬಿದ್ದ ದಿನ ಪಿಂಚಣಿ ನಿಂತಿತು.

"ಹಾಗಾದ್ರೆ ರಿಜಿಸ್ಟರ್ ಬೇಡ. ಸುಮ್ನೆ ಕಂಪ್ಯಾನಿಯನ್‌ಶಿಪ್..." ಎಂದು ರಾಯರು ಹಳೆಯ ರಾಗ ತೆಗೆದರು.

"ಈ ವಯಸ್ಸಲ್ಲಿ ಕದ್ದು ತಿರುಗೋಕೆ ನನ್ನ ಮಂಡಿ ಒಪ್ಪಲ್ಲ ರೀ" ಎಂದರು ಮೇಡಂ. "ಆಗೋದಾದ್ರೆ ಮದುವೆ. ಅಂದ್ಹಾಗೆ, ಆ ಪದ ನಿಮ್ಮ ಬಾಯಲ್ಲಿ ಇನ್ನೂ ಬಂದಿಲ್ಲ."

ರಾಯರು ಮೂರು ದಿನ ಪಾರ್ಕಿಗೆ ಬರಲಿಲ್ಲ. ನಾಲ್ಕನೆಯ ದಿನ ಒಂದು ಹಾಳೆ ತಂದು ನಮಗೆ ತೋರಿಸಿದರು. ಮೂಲವೇತನದ ಶೇಕಡ 30, ಅದರ ಮೇಲೆ ತುಟ್ಟಿಭತ್ಯೆ, ಒಟ್ಟು ತಿಂಗಳಿಗೆ ಇಷ್ಟು. ಅಷ್ಟೇ ಬಡ್ಡಿ ತಿಂಗಳು ತಿಂಗಳು ಬರಬೇಕಾದರೆ ಠೇವಣಿ ಇಷ್ಟು. ಠೇವಣಿದಾರರ ಹೆಸರಿನ ಜಾಗದಲ್ಲಿ ಮೇಡಂ ಹೆಸರು, ನಾಮಿನಿ ಅವರ ಮಗ. ಕೆಳಗೆ ಅಚ್ಚುಕಟ್ಟಾಗಿ ಎರಡು ಗೆರೆ ಎಳೆದಿದ್ದರು. ನಾನು ಹುಡುಗನಾಗಿದ್ದಾಗ ಪ್ರೇಮಪತ್ರ ಬರೆದವನೇ, ಬೇರೆಯವರದನ್ನೂ ಕದ್ದು ಓದಿದವನೇ. ಇಷ್ಟು ಬೆವರು ಸುರಿಸಿ ಬರೆದದ್ದನ್ನು ಕಂಡಿರಲಿಲ್ಲ.

ಮೇಡಂ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವ ಹಾಗೆ ಹಾಳೆಯ ಮೇಲೆ ಬೆರಳಾಡಿಸಿ, ಕೇಳಿದ್ದು ಒಂದೇ ಪ್ರಶ್ನೆಯಂತೆ:

"ಆಟೊ ರಿನ್ಯೂವಲ್ಲಾ?"

"ಹೂಂ" ಎಂದರಂತೆ ರಾಯರು. ಈ ಸಲ ಅಲಾರಮ್ಮಿಗಲ್ಲ.

1954ರ ವಿಶೇಷ ವಿವಾಹ ಕಾಯಿದೆಯಡಿ ನೋಟಿಸು ಕೊಟ್ಟಿದ್ದಾರೆ. ಮೂವತ್ತು ದಿನ ಅದು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿರಬೇಕು, ಆಕ್ಷೇಪಣೆ ಇದ್ದವರು ಹೇಳಬಹುದು. ನಾವು ಆರೂ ಜನ ಆಟೊ ಮಾಡಿಕೊಂಡು ಹೋಗಿ ನೋಡಿ ಬಂದೆವು. ಹೊಸ ಪಾಸ್‌ಪೋರ್ಟ್ ಸೈಜ್ ಫೋಟೊ, ಮೀಸೆ ಬೆಳ್ಳಗಿದೆ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿದ್ದವರು ರಾಯರೇ ಆದ್ದರಿಂದ ನಮ್ಮ ಕಡೆಯಿಂದ ಗಂಭೀರವಾದ ಆಕ್ಷೇಪಣೆಯೇ ಇತ್ತು. ಕಾಯಿದೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ನಮ್ಮಲ್ಲೊಬ್ಬ ನಿವೃತ್ತ ವಕೀಲರು ಹೇಳಿದರು.

ನಿನ್ನೆ ಮೇಡಂ ಮುಂದೆ, ರಾಯರು ಹತ್ತು ಹೆಜ್ಜೆ ಹಿಂದೆ, ಆ ಹೊಳೆಯುವ ಶೂ ಎತ್ತಿ ಹಾಕುತ್ತಾ ನಮ್ಮ ಬೆಂಚನ್ನು ದಾಟಿದರು. "ಏನ್ರೀ, ಹೇಗಿದೆ ಕಂಪ್ಯಾನಿಯನ್‌ಶಿಪ್ಪು?" ಎಂದು ಕೂಗಿದೆ.

"ಶ್!" ಎಂದರು ರಾಯರು, ನಿಲ್ಲದೆ. "ಇನ್ನೂ ಎರಡು ರೌಂಡ್ ಬಾಕಿ ಇದೆ."