ಸದ್ದಿರಬೇಕು ಮಾರಾಯ್ರೆ

ರಸ್ತೆಬದಿಯಲ್ಲಿ ಯಾರಾದರೂ ಬಾನೆಟ್ ಎತ್ತಿದರೆ ಸಾಕು, ಎಲ್ಲಿಂದಲೋ ನಾಲ್ಕು ಜನ ಹುಟ್ಟಿಕೊಳ್ಳುತ್ತಾರೆ. ಒಬ್ಬ ಹೊಗೆ ನೋಡುತ್ತಾನೆ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳಿಯಾದರೆ ನೀರು ಇಳಿದಿದೆ. ಇನ್ನೊಬ್ಬ ಡಿಪ್‌ಸ್ಟಿಕ್ ಎಳೆದು ಮೂಸುತ್ತಾನೆ. ಮೂರನೆಯವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚುತ್ತಾನೆ. ನಾಲ್ಕನೆಯವನಿಗೆ ಸ್ವಂತಕ್ಕೊಂದು ಸೈಕಲ್ಲೂ ಇರುವುದಿಲ್ಲ. ಮಾತು ಮಾತ್ರ ಎಲ್ಲರಿಗಿಂತ ಜೋರು. ಇವರಿಂದ ತೊಂದರೆಯಿಲ್ಲ, ಬಸ್ಸು ಬಂದರೆ ಹತ್ತಿ ಹೋಗುತ್ತಾರೆ. ತೊಂದರೆ ಇರುವುದು ಈ ನಾಲ್ವರೂ ಒಬ್ಬನೇ ಮನುಷ್ಯನೊಳಗೆ ಸೇರಿಕೊಂಡು, ಗಾಡಿಯೂ ಅವನದೇ ಆಗಿರುವಾಗ.

ಹಳೇ ಪಿಕಪ್ಪಿನ ಯಜಮಾನ ಎಂದರೆ ಇವರೇ. ನಿಮ್ಮೂರಲ್ಲೂ ಒಬ್ಬರಿರುತ್ತಾರೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಫೀಲರ್ ಗೇಜ್. ಹೇಗಿದ್ದೀರಿ ಎಂದು ಕೇಳಿದರೆ ಗಾಡಿ ಹೇಗಿದೆ ಎಂದು ಹೇಳುತ್ತಾರೆ. ಈಗಿನ ಗಾಡಿಗಳೆಲ್ಲ ತಗಡು ಎಂಬುದು ಅವರ ಸಿದ್ಧಾಂತ. ಆ ತಗಡಿನ ಗಾಡಿಯೇ ಅವರ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತರುತ್ತಿದ್ದರೂ ಸಿದ್ಧಾಂತ ಕದಲುವುದಿಲ್ಲ. ಮಾರುತ್ತೀರಾ ಎಂದು ಕೇಳಿದವರನ್ನು ಅವರು ಮರುದಿನದಿಂದ ಮಾತಾಡಿಸುವುದಿಲ್ಲ. ಅಡ್ವಾನ್ಸ್ ಕೊಡಲು ಬಂದವರಿಗೆ ಕಾಫಿ ಕುಡಿಸಿ, ಗಾಡಿಯ ರೋಗಗಳನ್ನೆಲ್ಲ ವಿವರವಾಗಿ ಹೇಳಿ, ಬಂದವರೇ ಕೈಮುಗಿದು ಹೋಗುವಂತೆ ಮಾಡುತ್ತಾರೆ.

ನನ್ನ ಪಾಲಿಗೆ ಬಂದಿರುವವರು ನನ್ನ ಷಡ್ಡಕ. ಷಡ್ಡಕನ ಸಂಬಂಧವೇ ವಿಚಿತ್ರ. ಅಣ್ಣನಾಗಿದ್ದರೆ ಜಗಳಾಡಬಹುದು, ಭಾವಮೈದುನನಾಗಿದ್ದರೆ ಗೇಲಿ ಮಾಡಬಹುದು, ಗೆಳೆಯನಾಗಿದ್ದರೆ ಬಿಟ್ಟೇ ಬಿಡಬಹುದು. ಷಡ್ಡಕನನ್ನು ಸಹಿಸಿಕೊಳ್ಳಬೇಕು, ಅಷ್ಟೇ. ಬೆಳ್ತಂಗಡಿ ಕಡೆ ಅಡಿಕೆ ತೋಟ, ಎರಡು ಎಮ್ಮೆ, ಒಂದು ಮಹೀಂದ್ರಾ ಎಫ್‌ಸಿ-150. ಈ ಮೂರರಲ್ಲಿ ಅವರು ರಾತ್ರಿ ಎದ್ದು ನೋಡಿಬರುವುದು ಕೊನೆಯದನ್ನು.

ಎಫ್‌ಸಿ-150 ನೋಡದವರಿಗೆ ಒಂದು ಮಾತು. ಅಮೆರಿಕದ ವಿಲೀಸ್ ಕಂಪನಿ 1956ರ ಕೊನೆಗೆ ಹೊರತಂದ, ಮುಂದೆ ಮಹೀಂದ್ರಾದವರು ಇಲ್ಲೂ ತಯಾರಿಸಿದ ಮೂತಿಯಿಲ್ಲದ ಪಿಕಪ್ ಇದು. ಬಾನೆಟ್ ಎಂಬುದೇ ಇಲ್ಲ. ಎಂಜಿನ್ ಇರುವುದು ಕ್ಯಾಬಿನ್ನಿನ ಒಳಗೆ, ಡ್ರೈವರ್ ಮತ್ತು ಪಕ್ಕದವನ ಮಧ್ಯೆ, ಒಂದು ತಗಡಿನ ಡಬ್ಬಿಯಡಿ. ಪಕ್ಕದವನ ಮೊಣಕಾಲು ಬೇಯುತ್ತದೆ. ಬೇಸಗೆಯಲ್ಲಿ ಬೆಳ್ತಂಗಡಿಯಿಂದ ಮಂಗಳೂರಿಗೆ ಇದರಲ್ಲಿ ಹೋಗಿಬಂದವನು ಒಂದು ವಾರ ಬಿಸಿನೀರ ಸ್ನಾನ ಕೇಳುವುದಿಲ್ಲ. ಪ್ರಯಾಣದುದ್ದಕ್ಕೂ ಷಡ್ಡಕರು ಆ ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡೇ ಮಾತಾಡುತ್ತಾರೆ. ನನ್ನ ಯೋಗಕ್ಷೇಮ ಕೇಳುವಾಗಲೂ ಕೈ ಅಲ್ಲೇ.

ಡಬ್ಬಿಯೊಳಗಿರುವುದು ಹರಿಕೇನ್ ಎಂಬ ಹೆಸರಿನ ಎಫ್-ಹೆಡ್ ಎಂಜಿನ್. ನಾಲ್ಕು ಸಿಲಿಂಡರ್, ಹತ್ತಿರ ಹತ್ತಿರ 2200 ಸಿಸಿ. ಎಷ್ಟೋ ಎಸ್ಟೇಟ್ ಜೀಪುಗಳ ಹೊಟ್ಟೆಯಲ್ಲಿ ಇದೇ ಇತ್ತು. ಆಮೇಲೆ ಅವುಗಳಲ್ಲಿ ಬಹಳಷ್ಟು ಡೀಸೆಲ್ ಎಂಜಿನ್ ಕೂರಿಸಿಕೊಂಡವು. ಷಡ್ಡಕರು ಕೂರಿಸಲಿಲ್ಲ. ಇದರ ವಿಶೇಷವನ್ನು ನನಗೆ ಊಟದ ಮಧ್ಯೆ ಎಷ್ಟು ಸಲ ಹೇಳಿದ್ದಾರೆಂದರೆ ಈಗ ನಾನೇ ಪಾಠ ಮಾಡಬಲ್ಲೆ. ಗಾಳಿ-ಪೆಟ್ರೋಲ್ ಒಳಗೆ ಬಿಡುವ ಇನ್‌ಲೆಟ್ ವಾಲ್ವ್‌ಗಳು ಮೇಲೆ, ಹೆಡ್ಡಿನಲ್ಲಿ. ಸುಟ್ಟ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್‌ಗಳು ಕೆಳಗೆ, ಬ್ಲಾಕಿನ ಪಕ್ಕೆಯಲ್ಲಿ. ಮೇಲಿನವಕ್ಕೆ ತಣ್ಣನೆಯ ಗಾಳಿಯ ಸುಖವಿದೆ. ಕೆಳಗಿನವು ಬೆಂಕಿಯಲ್ಲೇ ಬಾಳಬೇಕು. ಕೆಂಪಗೆ ಕಾಯುವ ಆ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಇಳಿಸುವುದು ಸೀಟಿಗೆ ಒತ್ತಿ ಕೂತ ಅರೆಕ್ಷಣದಲ್ಲಿ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದೊಂದು ವಾಲ್ವೂ 1000 ಸಲ ಎದ್ದು ಕೂರುತ್ತದೆ. ಒಂದು ಕೂದಲೆಳೆಯಷ್ಟು ಸರಿಯಾಗಿ ಕೂರದಿದ್ದರೂ ಬಿಸಿ ಇಳಿಯುವುದಿಲ್ಲ, ಉರಿಯುವ ಅನಿಲ ಆ ಸಂದಿನಲ್ಲೇ ನುಗ್ಗಿ ಅಂಚನ್ನು ಕೊರೆಯುತ್ತದೆ. ಕೊರೆದಷ್ಟೂ ಸಂದು ದೊಡ್ಡದು, ಸಂದು ದೊಡ್ಡದಾದಷ್ಟೂ ಕೊರೆತ ಜಾಸ್ತಿ. ಇಷ್ಟನ್ನು ಅವರು ಹೇಳಿ ಮುಗಿಸುವಾಗ ನನ್ನ ಎಲೆಯಲ್ಲಿ ಸಾರು ಆರಿರುತ್ತದೆ.

ಅದಕ್ಕೇ, ಕಾದು ಹಿಗ್ಗಿದ ವಾಲ್ವೂ ಪೂರ್ತಿ ಕೂರುವಂತೆ, ಅದಕ್ಕೂ ಅದನ್ನೆತ್ತುವ ಟ್ಯಾಪೆಟ್ಟಿಗೂ ನಡುವೆ ಒಂದು ಸಂದು ಬೇಕು. ಮೇಲಿನವಕ್ಕೆ ಇಂಚಿನ ಸಾವಿರದಲ್ಲಿ 18 ಪಾಲು, ಕೆಳಗಿನವಕ್ಕೆ 16. ಮೇಸ್ತ್ರಿಗಳ ಮಾತಿನಲ್ಲಿ ಹದಿನೆಂಟು ಥೌ, ಹದಿನಾರು ಥೌ. ಸಂದು ಇದ್ದರೆ ಟಿಕಟಿಕ ಎನ್ನುತ್ತದೆ. ಸಂದು ಮುಚ್ಚಿಹೋದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಸುಡುತ್ತದೆ. ಸದ್ದು ಮಾತ್ರ ನಿಂತುಹೋಗುತ್ತದೆ. ಆದ್ದರಿಂದ ಷಡ್ಡಕರ ಮೂಲಮಂತ್ರ: "ಸದ್ದಿರಬೇಕು ಮಾರಾಯ್ರೆ. ಸದ್ದಿಲ್ಲದ ಗಾಡಿ ನಂಬಬಾರದು." ನನ್ನ ಕಾರಿನಲ್ಲಿ ಕೂತಾಗಲೆಲ್ಲ ಕಿವಿಗೊಟ್ಟು ಕೇಳಿ, ಏನೂ ಕೇಳಿಸದೆ, ನನ್ನನ್ನು ಮರುಕದಿಂದ ನೋಡುತ್ತಾರೆ. ಅವರ ಗಾಡಿಯಲ್ಲಿ ಆ ಭಯವಿಲ್ಲ. ಅದು ಗೇಟಿಗೆ ಬರುವ ಮೊದಲೇ ನಾಯಿ ಬೊಗಳಿ ಸುಸ್ತಾಗಿರುತ್ತದೆ.

ಇನ್ನು ಚಾರ್ಮಾಡಿಯ ಕಥೆ. ಮೂಡಿಗೆರೆಯಲ್ಲಿ ನಂಟರ ಮನೆಯ ಮದುವೆ. ಹೆಂಗಸರು ಮುಂಚಿನ ದಿನವೇ ಬಸ್ಸಿನಲ್ಲಿ ಹೋಗಿದ್ದರು, ಅವರಿಗೆ ಬುದ್ಧಿಯಿದೆ. ಊಟಕ್ಕೆ ನಮ್ಮ ತೋಟದ ಬಾಳೆಲೆಯೇ ಆಗಬೇಕೆಂದು ಷಡ್ಡಕರು ಹಟ ಹಿಡಿದಿದ್ದರಿಂದ ಎಲೆ, ತೆಂಗಿನಕಾಯಿ, ಹಿಂಗಾರ ಎಲ್ಲವೂ ಪಿಕಪ್ಪಿನ ಹಿಂದೆ, ನಾನು ಡಬ್ಬಿಯ ಪಕ್ಕ. ಕೆಳಗಿನ ತಿರುವುಗಳನ್ನು ಗಾಡಿ ಗೊಣಗುತ್ತ ಹತ್ತಿತು. ಅರ್ಧ ಘಾಟಿಯಲ್ಲಿ ಶಕ್ತಿ ಬಿಟ್ಟಿತು. ಹಿಂದಿನಿಂದ ಛಫ್, ಛಫ್, ಛಫ್ ಎಂದು ಒಂದೇ ತಾಳದಲ್ಲಿ ಉಸಿರು ಬಿಡುವ ಸದ್ದು. ಷಡ್ಡಕರು ಗಾಡಿಯನ್ನು ಅಂಚಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲಿಟ್ಟು, ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಚಿಂತೆ ಇರಲಿಲ್ಲ. ಹಬ್ಬದ ಕಳೆ ಇತ್ತು.

"ಒಂದು ನೋಟು ಕೊಡಿ. ಹೊಸದು. ಗರಿಗರಿ ಇರಬೇಕು."

ನನ್ನ ಬಳಿ ಗರಿಗರಿಯಾಗಿದ್ದದ್ದು ಒಂದೇ: ಮುಯ್ಯಿಯ ಕವರಿನೊಳಗಿದ್ದ ಐನೂರರ ನೋಟು. ಬೇಡವೆಂದರೂ ಕೇಳದೆ ಕವರು ಬಿಡಿಸಿದರು. ಎಂಜಿನ್ ಓಡುತ್ತಿರುವಾಗಲೇ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಸೈಲೆನ್ಸರ್ ಕೊಳವೆಯ ಬಾಯಿಗೆ ನೋಟು ಹಿಡಿದರು. ಎಂಜಿನ್ ಆರೋಗ್ಯವಾಗಿದ್ದರೆ ಹೊಗೆ ನೋಟನ್ನು ಒಂದೇ ಸಮನೆ ಹೊರಕ್ಕೆ ತಳ್ಳಬೇಕು. ಇದು ಹೊರಕ್ಕೆ ಹಾರಿ ಹಾರಿ, ನಡುನಡುವೆ ಚಟಕ್ಕನೆ ಕೊಳವೆಗೆ ಅಂಟಿಕೊಳ್ಳುತ್ತಿತ್ತು. ಸುಟ್ಟ ವಾಲ್ವ್ ಮುಚ್ಚದಿರುವುದರಿಂದ, ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುವಾಗ ಕಾರ್ಬ್ಯುರೇಟರಿನಿಂದ ಮಾತ್ರವಲ್ಲ, ಹಿಂಬಾಗಿಲಿನಿಂದಲೂ ಎಳೆಯುತ್ತದೆ. "ನೋಡಿ, ನೋಡಿ, ಎಳೆಯಿತು! ಎಕ್ಸಾಸ್ಟ್ ವಾಲ್ವ್!" ಎಂದು ಅವರು ಕುಣಿದಾಡುವಾಗ, ಮದುವೆಗೆ ಹೊರಟಿದ್ದ ಇನ್ನೆರಡು ಕಾರಿನವರು ನಿಲ್ಲಿಸಿ, ನಾವು ಗಾಡಿಗೆ ಹಣ ತಿನ್ನಿಸುತ್ತಿರುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡರು. ಒಂದು ಮಂಗ ಅಷ್ಟರಲ್ಲಿ ಹಿಂಗಾರ ಎತ್ತಿಕೊಂಡು ಹೋಯಿತು.

ರೋಗ ಗೊತ್ತಾಯಿತಲ್ಲ, ಹೋಗೋಣವೇ ಎಂದರೆ ಆಗಲಿಲ್ಲ. ಯಾವ ಸಿಲಿಂಡರ್ ಎಂದು ತಿಳಿಯಬೇಕಿತ್ತು. ಡಬ್ಬಿ ತೆಗೆದು ನನ್ನ ಮಡಿಲಿಗಿಟ್ಟರು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತರು. ಒಂದನೆಯದು ಕಿತ್ತಾಗ ಎಂಜಿನ್ ನಡುಗಿತು, ಎರಡನೆಯದಕ್ಕೂ ನಡುಗಿತು, ಮೂರನೆಯದು ಕಿತ್ತಾಗ ಏನೂ ಆಗಲಿಲ್ಲ. ಸತ್ತವನ ಕೈ ಹಿಡಿದೆಳೆದ ಹಾಗೆ. ಆ ಮೇಲೆ ಮೂರೇ ಸಿಲಿಂಡರಿನಲ್ಲಿ, ಮೊದಲ ಗೇರಿನಲ್ಲಿ, ಕೊಟ್ಟಿಗೆಹಾರದವರೆಗೆ. ಅವರು ದಾರಿಯುದ್ದಕ್ಕೂ ಹಾಡು ಗುನುಗಿದರು. ಮದುವೆಮನೆಯಲ್ಲಿ ಧಾರೆ ಮುಗಿದು, ಮೊದಲ ಪಂಕ್ತಿ ಕಾಗದದ ಎಲೆಯಲ್ಲಿ ಉಂಡೆದ್ದಿತ್ತು. ಮುಯ್ಯಿ ಬರೆದುಕೊಳ್ಳುವ ಹುಡುಗ ನಮ್ಮ ನೋಟಿನ ನಡುವಿನ ಕಪ್ಪು ಉಂಗುರವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಷಡ್ಡಕರ ಹೆಸರಿನ ಮುಂದಲ್ಲ.

ರಿಪೇರಿಯನ್ನು ಚುಟುಕಾಗಿ ಹೇಳುತ್ತೇನೆ, ಅವರು ಹಾಗೆ ಹೇಳುವುದಿಲ್ಲ. ಮೇಸ್ತ್ರಿ ಬಂದು ಮೊದಲು ಕಂಪ್ರೆಷನ್ ನೋಡಿದ. ಮೂರು ಸಿಲಿಂಡರು 110ರ ಆಸುಪಾಸು, ಮೂರನೆಯದು 30. ಅದಕ್ಕೆ ಒಂದು ಚಮಚ ಆಯಿಲ್ ಸುರಿದು ಮತ್ತೆ ನೋಡಿದ. ರಿಂಗಿನ ದೋಷವಾಗಿದ್ದರೆ ಆಯಿಲ್ ಸಂದು ಮುಚ್ಚಿ ಮುಳ್ಳು ಮೇಲೇರಬೇಕಿತ್ತು, ಏರಲಿಲ್ಲ. ವಾಲ್ವೇ. ಹೆಡ್ ಇಳಿಸಿ, ಸ್ಪ್ರಿಂಗ್ ಒತ್ತಿ, ವಾಲ್ವ್ ಹೊರಗೆ ತೆಗೆದರೆ ಅದರ ಅಂಚಿನಲ್ಲಿ ಇಲಿ ಕಡಿದಷ್ಟು ತುಣುಕು ಮಾಯ. ಹೊಸ ವಾಲ್ವ್ ಹುಡುಕಿದ್ದು ಬೇರೆಯೇ ಪುರಾಣ. ಕೊನೆಗೆ ಕ್ಯಾಬಿನ್ನಿನಲ್ಲೇ ಬಗ್ಗಿ ಕೂತು ಪೇಸ್ಟ್ ಹಚ್ಚಿ, ಕೋಲಿನ ತುದಿಯ ರಬ್ಬರ್ ಬಟ್ಟಲು ವಾಲ್ವಿಗಂಟಿಸಿ, ಅಂಗೈಗಳ ನಡುವೆ ಕೋಲನ್ನು ಮಥಿಸುತ್ತ ಸೀಟಿನ ಮೇಲೆ ತಿಕ್ಕುವ ಕೆಲಸ. ಮೊದಲು ಒರಟು ಪೇಸ್ಟ್, ಆಮೇಲೆ ನಯದ್ದು, ಸುತ್ತಲೂ ತುಂಡಾಗದ ಬೂದು ಪಟ್ಟಿ ಕಾಣುವವರೆಗೆ. ಈ ಕೆಲಸಕ್ಕೆ ಷಡ್ಡಕರು ಮೇಸ್ತ್ರಿಯನ್ನೂ ಮುಟ್ಟಗೊಡಲಿಲ್ಲ. ತೋಟಕ್ಕೆ ಔಷಧಿ ಹೊಡೆಯಲು ಸೊಂಟನೋವೆನ್ನುವ ಮನುಷ್ಯ ಮಧ್ಯಾಹ್ನದ ನಿದ್ದೆ ಬಿಟ್ಟು ತಿಕ್ಕಿದರು.

ಮಾತಿನ ನಡುವೆ ಮೇಸ್ತ್ರಿ ಒಂದು ಸತ್ಯ ಹೇಳಿಬಿಟ್ಟ. ಅವರು ಅಷ್ಟು ವರ್ಷ ಕೇಳಿ ಖುಷಿಪಟ್ಟ ಟಿಕಟಿಕ ಮೇಲಿನ ಇನ್‌ಲೆಟ್ ವಾಲ್ವ್‌ಗಳದ್ದು. ಹೆಡ್ಡಿನ ಮುಚ್ಚಳ ತೆಗೆದರೆ ಅವು ಕೈಗೆ ಸಿಗುತ್ತವೆ, ಅವನ್ನು ತಿಂಗಳಿಗೊಮ್ಮೆ ಅಳೆಯುತ್ತಿದ್ದರು. ಕೆಳಗಿನವಕ್ಕೆ ಬ್ಲಾಕಿನ ಪಕ್ಕೆಯ ಇನ್ನೊಂದು ಮುಚ್ಚಳ ಬಿಚ್ಚಬೇಕು, ಕೈ ಹೋಗುವುದಿಲ್ಲ, ಬೆರಳ ಗಂಟು ಸುಲಿಯುತ್ತದೆ. ಅದನ್ನು ಯಾರೂ ಬಿಚ್ಚಿರಲಿಲ್ಲ. ಮೇಲೆ ಗಲಾಟೆ ನಡೆಯುತ್ತಿರುವಾಗ ಕೆಳಗೆ ಸಂದು ಸದ್ದಿಲ್ಲದೆ ಮುಚ್ಚಿಹೋಗಿತ್ತು.

ಷಡ್ಡಕರು ಒಪ್ಪಿದರೆ? "ಇದೆಲ್ಲ ಪೆಟ್ರೋಲಿನ ದೋಷ" ಎಂದರು. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲೇ ಸಿಗುವಂತಾಯಿತಲ್ಲ, ಸೀಸ ವಾಲ್ವ್ ಸೀಟಿಗೆ ಲೇಪವಿದ್ದಂತೆ, ಅದು ಹೋದ ಮೇಲೆ ಹಳೇ ಎಂಜಿನ್‌ಗಳೆಲ್ಲ ಅನಾಥವಾದವು ಎಂಬುದು ಅವರ ವಾದ. ಮೆದು ಕಬ್ಬಿಣದ ಸೀಟಿರುವ ಎಂಜಿನ್‌ಗಳ ಮಟ್ಟಿಗೆ ಅದು ನಿಜವೂ ಹೌದು. "ಇದರ ಎಕ್ಸಾಸ್ಟ್ ಸೀಟು ಮೊದಲೇ ಗಟ್ಟಿ ರಿಂಗು ಸ್ವಾಮಿ, ಅದಕ್ಕೇನೂ ಆಗಿಲ್ಲ" ಎಂದ ಮೇಸ್ತ್ರಿ. ಷಡ್ಡಕರು ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ತರಿಸಿ ಮಾತು ಮುಗಿಸಿದರು.

ಅಂದು ಸಂಜೆ ಅಡುಗೆಮನೆಯಲ್ಲಿ ಅವರ ಹೆಂಡತಿ ನನ್ನ ಹೆಂಡತಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅಡಿಕೆ ರೇಟು, ಹಳದಿ ಎಲೆ ರೋಗ, ಕರೆಂಟು, ಪಂಚಾಯ್ತಿ ಎಂದು ದಿನವಿಡೀ ಕೂಗಾಡುತ್ತಾರೆ, ಮಗ ಈ ಸಲವೂ ಬೇಸಗೆಗೆ ಬರುವುದಿಲ್ಲ ಎಂದು ಫೋನು ಬಂದ ಮೇಲೆ ಆ ವಿಷಯ ಮಾತ್ರ ಒಮ್ಮೆಯೂ ಎತ್ತಿಲ್ಲ, ಎಂದು. ಮಗನಿಗೆ ಅದೇ ಪಿಕಪ್ಪಿನಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದರಂತೆ, ಕೊಯ್ಲು ಮುಗಿದ ಗದ್ದೆಯಲ್ಲಿ. ಗಾಡಿ ಯಾಕೆ ಮಾರುವುದಿಲ್ಲ ಎಂದು ಆಮೇಲೆ ನಾನು ಕೇಳಿಲ್ಲ.

ಆದರೆ ಹೀಗೆ ಬರೆಯುತ್ತ ಹೋದರೆ ಅವರು ಒಳ್ಳೆಯವರೆಂದು ಆಗಿಬಿಡುತ್ತದೆ; ಐನೂರರ ನೋಟು ನನ್ನದು ಎಂಬುದನ್ನು ಓದುಗರು ಮರೆಯಬಾರದು. ಹೊಸ ವಾಲ್ವ್ ಕೂರಿಸಿ, ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ ಬಿಗಿದು, ಗಾಡಿ ಓಡಿದ ದಿನ ಅವರು ನನಗೆ ಫೋನು ಮಾಡಿದರು. ನಮಸ್ಕಾರವಿಲ್ಲ, ಹಲೋ ಇಲ್ಲ. ಫೋನನ್ನು ಎಂಜಿನ್ನಿನ ಪಕ್ಕ ಹಿಡಿದಿದ್ದರು. ನನಗೆ ಆ ಸದ್ದಿನಲ್ಲಿ ಮೇಲಿನದಾವುದು ಕೆಳಗಿನದಾವುದು ತಿಳಿಯದಿದ್ದರೂ, "ಕೆಳಗಿನದು ಚೆನ್ನಾಗಿ ಕೇಳಿಸ್ತಿದೆ" ಎಂದೆ. ಅಂದಿನಿಂದ ಅವರ ನೆರೆಕರೆಯಲ್ಲಿ ನನ್ನನ್ನು ವಾಲ್ವ್ ಬಲ್ಲವನೆಂದು ಪರಿಚಯಿಸುತ್ತಿದ್ದಾರೆ, ಟಿಲ್ಲರ್ ಕೆಟ್ಟವರೂ ನನಗೆ ಫೋನು ಮಾಡುತ್ತಾರೆ.

ಈಗ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಬಿರುಕು ಬಿಟ್ಟಿದೆ. ಮಲೆನಾಡಿನ ಎಸ್ಟೇಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಶೆಡ್ಡಿನ ಮೂಲೆಯಲ್ಲಿ ಹಳೇ ಪೆಟ್ರೋಲ್ ಜೀಪಿನಿಂದ ಇಳಿಸಿಟ್ಟ ಎಫ್-ಹೆಡ್ ಎಂಜಿನ್ ಇದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ, ನನಗೆ ತಿಳಿಸಿ. ದುಡ್ಡು ನಾನು ಕೊಡುತ್ತೇನೆ. ಷಡ್ಡಕರಿಗೆ ಮಾತ್ರ ಹೇಳಬೇಡಿ.