ಐನಾರ, ಒಂದ್ ನಿಮಿಷ ತಡೀರಿ!

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಲಗ್ನ ಗೊತ್ತಾಯಿತೆಂದರೆ ಮೊದಲು ಮಂಗಲ ಕಾರ್ಯಾಲಯ ಹಿಡಿಯುತ್ತಾರೆ, ಆಮೇಲೆ ಅಡುಗೆಯವರನ್ನು, ಆಮೇಲೆ ಫೋಟೋದಣ್ಣನನ್ನು. ಐನಾರಿಗೆ ಕೊನೆಗೆ ಹೇಳಿದರೂ ನಡೆಯುತ್ತದೆ. ಫೋಟೋದಣ್ಣನಿಗೆ ತಾಯಿ-ತಂದೆ ಇಟ್ಟ ಹೆಸರೊಂದು ಇದ್ದೇ ಇದೆ. ಆದರೆ ಆಧಾರ್ ಕಾರ್ಡು ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿಲ್ಲ. ಜನರ ಮೊಬೈಲಿನಲ್ಲಿ ಅವನು ‘ಫೋಟೋ ಮುಧೋಳ’, ‘ಫೋಟೋ ಬನಹಟ್ಟಿ’ ಎಂದೇ ಸೇವ್ ಆಗಿದ್ದಾನೆ. ವಯಸ್ಸು ಐವತ್ತರ ಆಚೀಚೆ, ಮೈಮೇಲೆ ಮುಂಬದಿಗೆಲ್ಲ ಕಿಸೆಗಳಿರುವ ಜಾಕೀಟು, ಒಂದು ಕಿಸೆಯಲ್ಲಿ ಮೆಮೊರಿ ಕಾರ್ಡು, ಇನ್ನೊಂದರಲ್ಲಿ ಎಲೆಯಡಿಕೆ.

ಮಂಟಪದಲ್ಲಿ ಅವನ ಮಾತೇ ಶಾಸ್ತ್ರ. "ಐನಾರ, ಒಂದ್ ನಿಮಿಷ ತಡೀರಿ, ಲೈಟ್ ಬರ್ಲಿ" ಎಂದರೆ ಮಂತ್ರ ಅರ್ಧಕ್ಕೆ ನಿಲ್ಲುತ್ತದೆ. ಅಕ್ಕಿಕಾಳು ಚೆನ್ನಾಗಿ ಬೀಳಲಿಲ್ಲವೆಂದು ಮುಂದಿನ ಸಾಲಿನವರಿಂದ ಮತ್ತೊಮ್ಮೆ ಹಾಕಿಸುತ್ತಾನೆ. ತಾಳಿಯ ಗಂಟು ಬಿದ್ದಾಗಿರುತ್ತದೆ, "ಬೆರಳ ಕಾಣಲಿಲ್ಲ, ಇನ್ನೊಮ್ಮೆ ಕಟ್ಟಿದಂಗ ಮಾಡ್ರಿ" ಎನ್ನುತ್ತಾನೆ. ಮದುಮಗ ಕಟ್ಟಿದಂತೆ ಮಾಡುತ್ತಾನೆ, ಮದುಮಗಳು ನಾಚಿದಂತೆ ಮಾಡುತ್ತಾಳೆ. ಮುಹೂರ್ತ ಯಾವ ಗಂಟಿಗೆ ಹತ್ತಿತೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಐನಾರೇ ಈಗ ಮುಂದಿನ ಮಂತ್ರಕ್ಕೆ ಹೋಗುವ ಮೊದಲು ಅವನ ಮುಖ ನೋಡಿ, "ಆತೇನಪಾ?" ಎಂದು ಅಪ್ಪಣೆ ಬೇಡುತ್ತಾರೆ.

ಇಷ್ಟು ಅಧಿಕಾರ ಅವನಿಗೆ ಕ್ಯಾಮೆರಾದಿಂದ ಬಂತೆಂದುಕೊಂಡರೆ ಅದು ಅರ್ಧ ಮಾತು. ಅವನು ಹಂಚುವುದು ಮರ್ಯಾದೆ. ಯಾವ ಬೀಗರನ್ನು ನಡುವೆ ನಿಲ್ಲಿಸಬೇಕು, ಯಾವ ಸೋದರಮಾವನನ್ನು ಎರಡು ಸಲ ಕರೆಯಬೇಕು, ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಎಷ್ಟು ಮಂದಿಯನ್ನು ತುರುಕಬೇಕು, ಎಲ್ಲವೂ ಅವನಿಗೆ ಕಂಠಪಾಠ. ವಂಶಾವಳಿ ಬರೆಯುವ ಹೆಳವರು ಕೂಡ ಇವನನ್ನು ಒಂದು ಮಾತು ಕೇಳಿದರೆ ಒಳ್ಳೆಯದು.

ರೀಲಿನ ಕಾಲದಲ್ಲಿ ಈ ಮರ್ಯಾದೆಗೆ ರೇಶನ್ ಇತ್ತು. ಒಂದು ರೋಲಿಗೆ 36 ಫೋಟೋ. ಹುಷಾರಾಗಿ ಹಾಕಿದರೆ 37, ದೇವರು ಒಲಿದರೆ 38. ತೊಳೆಸಲು ದೊಡ್ಡ ಊರಿನ ಕಲರ್ ಲ್ಯಾಬಿಗೆ ಹೋಗಬೇಕು, ಪ್ರತಿ ಕ್ಲಿಕ್ಕಿಗೂ ರೊಕ್ಕ. ಆದರೆ ಲಗ್ನಕ್ಕೆ ಬಂದ ದೂರದ ಕಾಕಾ, ಚಿಗವ್ವ, ಪಕ್ಕದ ಓಣಿಯ ಸಾವಕಾರ ಎಲ್ಲರೂ ಮದುಮಕ್ಕಳ ಪಕ್ಕ ನಿಂತು ಮೀಸೆ ತಿರುವಿ ಕಾಯುತ್ತಿದ್ದರು. ಆಗ ಕೈಹಿಡಿದದ್ದು ‘ಖಾಲಿ ಫ್ಲ್ಯಾಶು’. ರೀಲು ಮುಂದೆ ಸರಿಯದು, ಚಿತ್ರ ಬೀಳದು, ಬೆಳಕು ಮಾತ್ರ ಫಳಕ್. ಕಾಕಾ ತೃಪ್ತನಾಗಿ ಹುಗ್ಗಿ ಉಣ್ಣಲು ಹೋಗುತ್ತಿದ್ದ. ಫೋಟೋದಣ್ಣ ಈ ವಿದ್ಯೆಯನ್ನು ಕಲಿತದ್ದು ತೊಂಬತ್ತರ ದಶಕದಲ್ಲಿ, ಗುರುವಿನ ಹಿಂದೆ ಬ್ಯಾಟರಿ ಹೊರುತ್ತ.

ಡಿಜಿಟಲ್ ಕ್ಯಾಮೆರಾ ಬಂದು ಈ ರೇಶನ್ ಅಂಗಡಿಯನ್ನು ಮುಚ್ಚಿಸಿತು. 1975ರಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿನ ಮೇಲೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಅಷ್ಟರೊಳಗೆ ನಮ್ಮ ಫೋಟೋದಣ್ಣ ಎರಡು ಮನೆತನಗಳನ್ನು ವೇದಿಕೆ ಹತ್ತಿಸಿ ಇಳಿಸಿರುತ್ತಾನೆ. 2008ರಲ್ಲಿ ನಿಕಾನ್ ಡಿ90 ಬಂದು ಫೋಟೋ ಕ್ಯಾಮೆರಾದಲ್ಲೇ ವಿಡಿಯೊ ಕೂಡ ಸೇರಿಕೊಂಡ ಮೇಲೆ ಅವನ ದರ್ಬಾರು ಇನ್ನೂ ಹಿಗ್ಗಿತು. ಈಗ ಒಂದು ಲಗ್ನಕ್ಕೆ ಸಾವಿರಾರು ಫೋಟೋ. ಹುಗ್ಗಿ ಬಡಿಸುವ ಸೌಟಿಗೂ ನಾಲ್ಕು ಆ್ಯಂಗಲ್.

ಒಂದೇ ಫಜೀತಿ. ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಸದ್ದಿಲ್ಲದೆ ಚಿತ್ರ ತೆಗೆಯಬಹುದು. ತಂತ್ರಜ್ಞಾನ ದೊಡ್ಡದೇ, ಆದರೆ ವೇದಿಕೆ ಮೇಲಿನ ಗೌಡರು ಒಪ್ಪಬೇಕಲ್ಲ. "ಏನಪಾ, ಟಕ್ ಅನ್ಲೇ ಇಲ್ಲ, ಹೊಡದಿ ಹೌದಿಲ್ಲೋ?" ಎಂದು ಮೂರು ಕಡೆ ಕೇಳಿಸಿಕೊಂಡ ಮೇಲೆ ಅವನು ಮೆನುವಿಗೆ ಹೋಗಿ ಕೃತಕ ಟಕ್‌ಟಕ್ ಸದ್ದನ್ನು ಹಾಕಿಕೊಂಡಿದ್ದಾನೆ. ಹಿಂದೆ ಫೋಟೋ ಇಲ್ಲದ ಬೆಳಕು ಮಾರುತ್ತಿದ್ದವನು ಈಗ ಫೋಟೋದ ಜೊತೆಗೆ ಸದ್ದನ್ನು ಬಿಟ್ಟಿ ಕೊಡುತ್ತಾನೆ.

ಲಗ್ನದ ಸೀಜನ್ ಇಲ್ಲದಾಗಲೂ ಅವನು ಖಾಲಿ ಕೂರುವವನಲ್ಲ. ಮುಧೋಳದಲ್ಲಿ ನಾಯಿಮರಿ ಮಾರುವವರಿಗೆ ಫೋಟೋ ಬೇಕು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ಸುಮ್ಮನೆ ಮೊಬೈಲಿನಲ್ಲಿ ಹೊಡೆದರೆ ಅದರ ಮರ್ಯಾದೆ ಏನಾಗಬೇಕು? ಓಡುವ ಮುಧೋಳ ನಾಯಿಯನ್ನು ಹಿಡಿಯಲು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದ ಶಟರ್ ಇಡುತ್ತಾನೆ, ಪ್ರಾಣಿಯ ಕಣ್ಣು ಹುಡುಕಿ ಫೋಕಸ್ ಮಾಡುವ ಸೆಟ್ಟಿಂಗ್ ಹಾಕುತ್ತಾನೆ. ಸಂಜೆ ಆರತಕ್ಷತೆಗೆ ಹೋದಾಗ ಅದನ್ನು ಮನುಷ್ಯರಿಗೆ ಬದಲಾಯಿಸಲು ಮರೆಯುತ್ತಾನೆ. ಮದುಮಗ ಹಲ್ಲು ಕಿಸಿದು ನಿಂತೇ ಇರುತ್ತಾನೆ, ಕ್ಯಾಮೆರಾ ಮಾತ್ರ ಆ ಮುಖವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ರಬಕವಿ-ಬನಹಟ್ಟಿಯಲ್ಲಿ ಅವನ ವೈರಿ ಸೀರೆ. ಮಗ್ಗದ ಮಾಲಕರಿಗೆ ಈಗ ವಾಟ್ಸ್ಆ್ಯಪಿನಲ್ಲಿ ಕಳಿಸಲು ಸೀರೆಗಳ ಫೋಟೋ ಬೇಕು. ಒಮ್ಮೆ ಸಣ್ಣ ಚೌಕಡಿಯ ಸೀರೆ ತೆಗೆದು ಕೊಟ್ಟ. ಪರದೆಯ ಮೇಲೆ ನೋಡಿದರೆ ಸೀರೆಯ ತುಂಬ ಕಾಮನಬಿಲ್ಲಿನ ಅಲೆಗಳು. ಮಾಲಕರು ಫೋಟೋ ನೋಡಿದ್ದೇ ತಡ, ಮಗ್ಗದ ಮನೆಗೆ ಓಡಿ, "ಯಾರಲೇ ಇದನ್ನ ನೇಯ್ದಾಂವ, ಎಳಿ ತಪ್ಪೈತಿ!" ಎಂದು ಕೂಗಾಡಿದರು. ಪವರ್‌ಲೂಮಿನ ಗದ್ದಲದಲ್ಲಿ ಬೈಗಳು ಅರ್ಧಮರ್ಧ ಕೇಳಿಸಿದ ನೇಕಾರ ಸೀರೆ ಬಿಡಿಸಿ ಬಿಸಿಲಿಗೆ ಹಿಡಿದ. ಒಂದೆಳೆಯೂ ತಪ್ಪಿರಲಿಲ್ಲ. ಫೋಟೋದಣ್ಣನಿಗೆ ಕರೆ ಹೋಯಿತು.

ಅವನು ಬಂದು ಸೀರೆಯ ಮುಂದೆ ಕುಳಿತು ಪಾಠ ಶುರು ಮಾಡಿದ. ಕ್ಯಾಮೆರಾದೊಳಗಿನ ಸೆನ್ಸರಿನಲ್ಲಿ ಬೆಳಕು ಹಿಡಿಯುವ ಸಣ್ಣ ಮನೆಗಳು ಸಾಲುಸಾಲಾಗಿರುತ್ತವೆ, ಸೀರೆಯಲ್ಲಿ ಹಾಸು-ಹೊಕ್ಕು ಸಾಲುಸಾಲಾಗಿರುತ್ತವೆ. ಈ ಸಾಲಿನ ಮೇಲೆ ಆ ಸಾಲು ಬಿದ್ದು ಹೊಂದದೆ ಹೋದರೆ, ಸೊಳ್ಳೆಪರದೆಯ ಎರಡು ಪದರು ಒಂದರ ಮೇಲೊಂದು ಬಿದ್ದಾಗ ಕಾಣುವಂಥ ಅಲೆ ಏಳುತ್ತದೆ. ಅದಕ್ಕೆ ಮೋರೆ ಎನ್ನುತ್ತಾರೆ. "ಯಾರ ಮೋರೆ?" ಎಂದರು ಮಾಲಕರು. ಎರಡು ಹೆಜ್ಜೆ ಹಿಂದೆ ಸರಿದು, ಕ್ಯಾಮೆರಾವನ್ನು ತುಸು ಓರೆ ಮಾಡಿ ಮತ್ತೆ ತೆಗೆದ. ಅಲೆ ಹೋಯಿತು. ಆದರೆ ಟ್ಯೂಬ್‌ಲೈಟಿನ ಕೆಳಗೆ ಗಿಳಿಹಸಿರು ಸೀರೆ ಬೇವಿನೆಲೆಯ ಬಣ್ಣಕ್ಕೆ ತಿರುಗಿತ್ತು. ವೈಟ್ ಬ್ಯಾಲೆನ್ಸ್, ಕೆಲ್ವಿನ್ ಎಂದು ಹೊಸ ಅಧ್ಯಾಯ ತೆಗೆದವನನ್ನು ಮಾಲಕರು ಚಹಾ ಕುಡಿಸಿ ಕಳಿಸಿದರು. ತಾಂತ್ರಿಕವಾಗಿ ಅವನು ಹೇಳಿದ್ದೆಲ್ಲ ಸರಿ. ನೇಕಾರನ ಬೈಗಳು ಮಾತ್ರ ವಾಪಸ್ ಬರಲಿಲ್ಲ.

ಬೀಳಗಿ ಕಡೆ ಮುಳುಗಡೆಯ ಮಾತು. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿನಿಂದ 524.256ಕ್ಕೆ ಏರಿದರೆ ಯಾರ ಹೊಲ, ಯಾರ ಮನೆ ಎಂಬ ಲೆಕ್ಕ ಕಟ್ಟೆಗಳ ಮೇಲೆ ನಡೆದೇ ಇರುತ್ತದೆ. ಪರಿಹಾರದ ಫೈಲಿಗೆ ಮನೆಯ ಫೋಟೋ ಇರಲಿ ಎಂದು ಕರೆದರೆ ಫೋಟೋದಣ್ಣ 16 ಎಂಎಂನ ಅಗಲ ಲೆನ್ಸು ಹಾಕಿ ಎರಡಂಕಣದ ಮನೆಯನ್ನು ವಾಡೆ ಮಾಡಿ ಕೊಡುತ್ತಾನೆ. ಮನೆಯವರೇ ತಮ್ಮ ಮನೆ ಗುರುತು ಹಿಡಿಯದೆ ಖುಷಿಪಡುತ್ತಾರೆ. ಸರ್ವೇದವರು ಬರುವಾಗ ಟೇಪು ತರುತ್ತಾರೆಂಬುದು ಆಮೇಲಿನ ಸುದ್ದಿ. ಜಮಖಂಡಿಯ ರಾಮತೀರ್ಥದ ಗುಡ್ಡದಲ್ಲಿ ಪ್ರಿ-ವೆಡ್ಡಿಂಗ್ ಶೂಟಿಂಗಿಗೆ ಹುಡುಗನನ್ನು ಪಟವರ್ಧನ ಸಂಸ್ಥಾನದ ಯುವರಾಜನನ್ನಾಗಿ ಮಾಡುವ ಕಥೆಯನ್ನು ನಾನಿಲ್ಲಿ ಬಿಡುತ್ತೇನೆ. ಆ ಯುವರಾಜರಲ್ಲಿ ಕೆಲವರು ನನಗೆ ಪರಿಚಿತರು.

ಇಷ್ಟು ದುಡಿದರೂ ರೊಕ್ಕ ಕೈಗೆ ಹತ್ತುವುದು ತಡ. "ಆಲ್ಬಮ್ ಯಾವಾಗ ಕೊಡ್ತಿ?" ಎಂದು ಅವರು, "ಬಾಕಿ ಯಾವಾಗ ಕೊಡ್ತೀರಿ?" ಎಂದು ಇವನು. ಎರಡಕ್ಕೂ ಒಂದೇ ಉತ್ತರ: ಕಬ್ಬಿನ ಬಿಲ್ಲು ಬಂದ ಮ್ಯಾಲ.

ಹೋದ ವರ್ಷ ಹಳ್ಳಿಯೊಂದರಿಂದ ಇಬ್ಬರು ಬಂದು ಅಂಗಡಿಯಲ್ಲಿ ಕುಳಿತರು. ಕಾಕಾ ತೀರಿಕೊಂಡಿದ್ದ, ಮಾಲೆ ಹಾಕಲು ದೊಡ್ಡ ಫೋಟೋ ಇರಲಿಲ್ಲ. "1996ರಾಗ ನಮ್ಮ ಲಗ್ನದಾಗ ಕಾಕಾಂದು ಎರಡ ಫೋಟೋ ಹೊಡದಿದ್ದಿ, ನಾವ ನೋಡೀವಿ. ಅದರಾಗ ಒಂದು ದೊಡ್ಡದು ಮಾಡಿ ಕೊಡು."

ಫೋಟೋದಣ್ಣ ಎಲೆಯಡಿಕೆ ಉಗುಳಲು ಹೊರಗೆ ಹೋದ. ಬರುವಷ್ಟರಲ್ಲಿ ಯೋಚನೆ ಮುಗಿದಿತ್ತು. "ರೀಲು ಹುಳಾ ಹಿಡದೈತ್ರಿ. ವೋಟಿನ ಕಾರ್ಡು ಕೊಡ್ರಿ, ನೋಡೂಣು" ಎಂದ. ಉಗುರಿನಷ್ಟಿದ್ದ ಆ ಮುಖವನ್ನು ಸ್ಕ್ಯಾನ್ ಮಾಡಿ, ಹಿಗ್ಗಿಸಿ, ಮೀಸೆಗೆ ಕಪ್ಪು ತುಂಬಿ, ಇನ್ನೊಂದು ಲಗ್ನದ ಗೌಡರ ಮೈಗೆ, ಅವರ ರುಮಾಲಿನ ಕೆಳಗೆ, ಕರಿಕೋಟಿನ ಮೇಲೆ ಕೂಡಿಸಿದ. ಮೂರು ರಾತ್ರಿ ಕೆಲಸ. ಒಯ್ದು ಕೊಟ್ಟಾಗ ಮನೆಮಂದಿಯೆಲ್ಲ, "ತದ್ರೂಪ ಕಾಕಾ!" ಎಂದರು. ಫ್ರೇಮಿನ ರೊಕ್ಕ ಅಷ್ಟೇ ತಗೊಂಡು ಅವನು ಬೈಕು ಹತ್ತಿದ. ಕಬ್ಬಿನ ಬಿಲ್ಲಿನ ಮಾತು ಬರಲೇ ಇಲ್ಲ.

ಕಾಕಿ ಮಾತ್ರ ಫೋಟೋವನ್ನು ಬಹಳ ಹೊತ್ತು ನೋಡಿ, "ಇವ್ರ ಹೌದು. ಖರೇ ಈ ಕೋಟು ಯಾವಾಗ ಹೊಲಸಿದ್ರು?" ಎಂದಳಂತೆ. ಅವತ್ತಿನಿಂದ ಮನೆಯ ಟ್ರಂಕುಗಳನ್ನೆಲ್ಲ ತೆಗೆಸಿ ಆ ಕರಿಕೋಟು ಹುಡುಕಿಸುತ್ತಿದ್ದಾಳೆ. ಈಗ ದೊಡ್ಡ ಸೊಸೆಯ ತವರುಮನೆಯವರ ಮೇಲೆ ಅನುಮಾನ.