ಜಾಥಾ ಎಲ್ಲಿಂದ ಎಲ್ಲಿಗೆ?

(ಜೂನ್ 26, ಮಾದಕವಸ್ತು ವಿರೋಧಿ ದಿನ. ಒಂದು ಸರ್ಕಾರಿ ಪ್ರೌಢಶಾಲೆ. ಎಸ್‌ಡಿಎಂಸಿ ಸಭೆ. ಸದಸ್ಯರಿಗಿಂತ ಮೊದಲು ಖಾರಾಬಾತ್ ಹಾಜರ್.)

ಅಧ್ಯಕ್ಷರು: ಮೇಷ್ಟ್ರೇ, ಜಾಥಾ ಎಲ್ಲಿಂದ ಎಲ್ಲಿಗೆ?

ಹೆಡ್‌ಮಾಸ್ಟರ್: ಶಾಲೆಯಿಂದ ನಿಮ್ಮ ಅಂಗಡಿವರೆಗೆ.

ಅಧ್ಯಕ್ಷರು: ಅಷ್ಟೇನಾ? ಘೋಷಣೆ ಮುಗಿಯೋಕೆ ಮುಂಚೆ ದಾರಿ ಮುಗಿಯುತ್ತಲ್ರೀ!

ಗಣಿತದ ಮೇಡಂ: ಅದೇ ತೊಂದರೆ. 2003ರ ಕೋಟ್ಪಾ ಕಾಯ್ದೇಲಿ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರೋ ಹಾಗಿಲ್ಲ.

ಅಧ್ಯಕ್ಷರು: ಹಾಗಾದ್ರೆ ಶಾಲೇನ ಸ್ವಲ್ಪ ಹಿಂದಕ್ಕೆ ಸರಿಸಿ.

ಮೇಡಂ: ಬಾಲನ್ಯಾಯ ಕಾಯ್ದೆ, ಸೆಕ್ಷನ್ 77. ಮಗುವಿಗೆ ತಂಬಾಕು ಕೊಟ್ರೆ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ.

ಅಧ್ಯಕ್ಷರು: ನಾನೆಲ್ಲಿ ಮಕ್ಕಳಿಗೆ ಕೊಡ್ತೀನಿ? ‘ಅಪ್ಪಂಗೆ’ ಅಂತಾರೆ, ಕೊಡ್ತೀನಿ.

ಮೇಡಂ: ಅಪ್ಪ ದುಬೈಯಲ್ಲಿರೋ ಹುಡುಗನೂ ಹಾಗೇ ಅಂತಾನೆ.

ಅಧ್ಯಕ್ಷರು: ಬಿಡಿ, ಪೊಲೀಸರನ್ನ ಕರೆಸಿ ಭಾಷಣ ಮಾಡ್ಸೋಣ.

ಮೇಡಂ: ಅಮೆರಿಕದಲ್ಲಿ 1983ರಲ್ಲಿ ಶುರುವಾದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸರೇ ಪಾಠ ಮಾಡಿದ್ರು. ಅಧ್ಯಯನಗಳಲ್ಲಿ ಕಂಡ ಫಲ ಅಷ್ಟಕ್ಕಷ್ಟೆ.

ಅಧ್ಯಕ್ಷರು: ಅವರಿಗೆ ಬ್ಯಾನರ್ ಇರಲಿಲ್ಲ. ಬ್ಯಾನರ್ ಖರ್ಚು ನಂದು. ನನ್ನ ಫೋಟೊ, ಅಂಗಡಿ ಹೆಸರು. ಸಮುದಾಯದ ಸಹಭಾಗಿತ್ವ!

ಒಂಬತ್ತನೇ ತರಗತಿ ಹುಡುಗ (ಬಾಗಿಲಲ್ಲಿ): ಸಾರ್, ಫ್ರೆಂಡ್ ಒತ್ತಾಯ ಮಾಡಿದ್ರೆ, ಸ್ನೇಹ ಕೆಡದ ಹಾಗೆ ಬೇಡ ಅನ್ನೋದು ಹೇಗೆ?

ಹೆಡ್‌ಮಾಸ್ಟರ್: ಹೋಗಿ ಲೈನಲ್ಲಿ ನಿಲ್ಲೋ! ಫೋಟೊ ಅಪ್‌ಲೋಡ್ ಆಗ್ಬೇಕು.

(ಸಭೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಅದೊಂದೇ ಇತ್ತು. ನಡಾವಳಿಯಲ್ಲಿ ಖಾರಾಬಾತ್ ಬಿಲ್ಲಿದೆ, ಅದಿಲ್ಲ.)

ಓದುಗರೇ, ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446. ನಿಮ್ಮೂರ ಶಾಲೆಯ ಗೋಡೆಯ ಮೇಲೆ ಅದಿಲ್ಲದಿದ್ದರೆ ನಾಳೆಯೇ ಬರೆಸಿ.